ಹಳೆಯ ಲಾರಿಯ ತುಕ್ಕು: ತೆಗೆಯುವ ಮುನ್ನ ಮಾಡಬೇಕಾದ ಸಿದ್ಧತೆ



ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಪ್ರೀತಿಯಿಂದ ಕೇಳಿದರು. ನಿವೃತ್ತ ಮುಖ್ಯೋಪಾಧ್ಯಾಯನಿಂದ ಎಲ್ಲರೂ ನಿರೀಕ್ಷಿಸುವುದು ಹಳೆಯ ನೆನಪುಗಳನ್ನು. ಆ ಕಾರ್ಯವನ್ನು ನನಗಿಂತ ಸೊಗಸಾಗಿ ಮಾಡಬಲ್ಲವರು ಈ ಸಂಚಿಕೆಯಲ್ಲಿಯೇ ಹಲವರಿದ್ದಾರೆ. ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿಯೂ ನನಗೆ ಸಲೀಸಾಗಿ ಬರುವುದು ಪಾಠ ಮಾಡುವುದೊಂದೇ. ಆದುದರಿಂದ ಒಂದು ಪಾಠವನ್ನೇ ಇಲ್ಲಿ ಬರೆದಿದ್ದೇನೆ.

ಪಾಠದ ವಿಷಯ ತುಕ್ಕು. ಅದರಲ್ಲಿಯೂ ಹಳೆಯ ಲಾರಿಯೊಂದರ ಮೈಗೂ ಚಾಸಿಗೂ ಹಿಡಿದ ತುಕ್ಕನ್ನು ತೆಗೆಯುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ. ಉತ್ಸವದ ಸಂಚಿಕೆಗೆ ಇದೆಂತಹ ವಿಷಯವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಕಂಬಂ ಕಣಿವೆಯಲ್ಲಿ ಲಾರಿಯ ಋಣವಿಲ್ಲದ ಮನೆ ಅಪರೂಪ. ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ಕಪ್ಪಿಲಿಯ ಒಕ್ಕಲಿಗರಾಗಲಿ, ದೇವಾಂಗ ನೇಕಾರರಾಗಲಿ, ತಾವು ಬೆಳೆದ ದ್ರಾಕ್ಷಿಯನ್ನೋ ಬಾಳೆಯನ್ನೋ ನೆಯ್ದ ಬಟ್ಟೆಯನ್ನೋ ಪೇಟೆಗೆ ಕಳುಹಿಸಿದ್ದು ಲಾರಿಯಲ್ಲಿಯೇ. ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಲಾರಿ ಮಾಲೀಕರಿದ್ದಾರೆ, ಚಾಲಕರಿದ್ದಾರೆ, ಕಾರ್ಖಾನೆಯಲ್ಲಿ ಬೆಸುಗೆ ಹಾಕುವವರಿದ್ದಾರೆ. ಅವರಿಗೆ ಈ ಪಾಠದಿಂದ ಪ್ರಯೋಜನವಾದರೆ ನನ್ನ ಶ್ರಮ ಸಾರ್ಥಕ.

ಉದಾಹರಣೆಯಾಗಿ ಒಂದು ಲಾರಿಯನ್ನು ಆರಿಸಿಕೊಳ್ಳುತ್ತೇನೆ. ಉತ್ತಮಪಾಳಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೂ ಅವರ ತಮ್ಮನಿಗೂ ತಂದೆಯಿಂದ ಬಂದ ಟಾಟಾ 1210 ಲಾರಿಯೊಂದು ತೋಟದ ಮಗ್ಗುಲಿನ ತಗಡಿನ ಚಪ್ಪರದಲ್ಲಿ ಹಲವು ವರ್ಷಗಳಿಂದ ನಿಂತಿತ್ತು. ಅದನ್ನು ಮತ್ತೆ ರಸ್ತೆಗಿಳಿಸಿ ದ್ರಾಕ್ಷಿ ಪೆಟ್ಟಿಗೆ ಸಾಗಿಸಬೇಕೆಂಬುದು ಅಣ್ಣತಮ್ಮಂದಿರ ಆಸೆ. “ಮೇಲಿನ ತುಕ್ಕು ಕೆರೆದು ಬಣ್ಣ ಹೊಡೆಸಿದರೆ ಎಫ್.ಸಿ.ಗೆ ನಿಲ್ಲಿಸಬಹುದಲ್ಲವೇ ಸಾರ್?” ಎಂದು ಹಿರಿಯವರು ಕೇಳಿದರು. “ಕೆರೆಯುವ ಮೊದಲು ಅಲ್ಲಿ ಎಷ್ಟು ಕಬ್ಬಿಣ ಉಳಿದಿದೆಯೆಂದು ತಿಳಿಯೋಣವಪ್ಪಾ” ಎಂದೆ. ಅನುಭವಿ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಕೆಲಸ ಮಾಡಿದರು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಪ್ರತಿ ಹಂತದ ವಿಜ್ಞಾನವನ್ನು ಅವರಿಗೆ ಹೇಳಿದೆ, ಅವರ ಕೈಚಳಕವನ್ನು ನಾನು ಕಲಿತೆ.

ತುಕ್ಕು ಎಂದರೇನು?

ಹಿತ್ತಾಳೆ, ತಾಮ್ರಗಳ ಮೇಲೆ ಕಟ್ಟುವ ಹಸಿರು ಪದರವನ್ನು ಕಿಲುಬು ಎಂದೂ, ಕಬ್ಬಿಣದ ಮೇಲಿನ ಕೆಂಗಂದು ಪುಡಿಯನ್ನು ತುಕ್ಕು ಎಂದೂ ಕನ್ನಡವು ಬೇರೆಬೇರೆಯಾಗಿ ಕರೆಯುತ್ತದೆ. ನಮ್ಮ ಸುತ್ತಲಿನ ತಮಿಳರು ತುಕ್ಕನ್ನು ‘ತುರು’ ಎನ್ನುತ್ತಾರೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ನೀರಿನ ಅಂಶವನ್ನೊಳಗೊಂಡ ಕಬ್ಬಿಣದ ಆಕ್ಸೈಡು.

ನಮ್ಮ ಪ್ರಯೋಗಶಾಲೆಯ ಮೂರು ಪ್ರನಾಳಗಳ ಪ್ರಯೋಗ ಎಲ್ಲರಿಗೂ ನೆನಪಿರಬೇಕು. ಮೊದಲನೆಯದರಲ್ಲಿ ಮೊಳೆ ಮತ್ತು ಸಾಧಾರಣ ನೀರು. ಎರಡನೆಯದರಲ್ಲಿ ಕುದಿಸಿ ಗಾಳಿಯನ್ನು ಹೊರಗಟ್ಟಿದ ನೀರು, ಅದರ ಮೇಲೊಂದು ಪದರ ಎಣ್ಣೆ. ಮೂರನೆಯದರಲ್ಲಿ ತೇವವನ್ನು ಹೀರುವ ಕ್ಯಾಲ್ಸಿಯಂ ಕ್ಲೋರೈಡು ಮತ್ತು ಒಣ ಗಾಳಿ. ಕೆಲವು ದಿನಗಳ ನಂತರ ನೋಡಿದರೆ ಮೊದಲನೆಯ ಮೊಳೆಗೆ ಮಾತ್ರ ತುಕ್ಕು. ನೀರು ಮತ್ತು ಆಮ್ಲಜನಕ ಎರಡೂ ಒಟ್ಟಿಗೆ ಸೇರಿದಾಗಲೇ ಕಬ್ಬಿಣ ತುಕ್ಕು ಹಿಡಿಯುತ್ತದೆಯೆಂಬುದು ಇದರಿಂದ ಸಿದ್ಧವಾಗುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಅದು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಈ ಕ್ರಿಯೆಯ ವೇಗ ಬಹಳ ಹೆಚ್ಚುತ್ತದೆ.

ತುಕ್ಕಿನ ಇನ್ನೆರಡು ಗುಣಗಳನ್ನು ಇಲ್ಲಿ ಗಮನಿಸಬೇಕು. ಅಲ್ಯೂಮಿನಿಯಂ ಮೇಲೆ ಉಂಟಾಗುವ ಆಕ್ಸೈಡು ಬಿಗಿಯಾದ ಪದರವಾಗಿ ನಿಂತು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲವೂ ರಂಧ್ರಮಯವೂ ಆಗಿ, ತೇವವನ್ನು ಹೀರಿ ಹಿಡಿದುಕೊಂಡು, ಒಳಗಿನ ಲೋಹವನ್ನು ತಿನ್ನುತ್ತಲೇ ಹೋಗುತ್ತದೆ. ಎರಡನೆಯದಾಗಿ, ಕರಗಿದ ಕಬ್ಬಿಣಕ್ಕಿಂತ ಅದರಿಂದಾದ ತುಕ್ಕು ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ರಿವೆಟ್ ಹೊಡೆದು ಒಂದರ ಮೇಲೊಂದು ಜೋಡಿಸಿದ ಎರಡು ದಪ್ಪ ತಗಡುಗಳ ನಡುವೆ ಸೇರಿದ ತುಕ್ಕು ಅವುಗಳನ್ನು ಬೆಣೆ ಹೊಡೆದಂತೆ ಅಗಲಿಸಿಬಿಡುತ್ತದೆ. ಇಂತಹ ಲೋಹದ ಮೇಲೆ ಬಣ್ಣ ಬಳಿದರೆ ಕಣ್ಣಿಗೆ ತುಕ್ಕು ಮರೆಯಾಗುತ್ತದೆಯೇ ಹೊರತು ಅದರ ಕೆಲಸ ನಿಲ್ಲುವುದಿಲ್ಲ.

ಕಡಲಿಲ್ಲದ ಊರಿಗೆ ಉಪ್ಪೆಲ್ಲಿಂದ?

ತಮಿಳುನಾಡಿನಲ್ಲಿ ತುಕ್ಕಿನ ಪ್ರತಾಪಕ್ಕೆ ಪ್ರಸಿದ್ಧ ಸಾಕ್ಷಿ ಪಾಂಬನ್ ರೈಲು ಸೇತುವೆ. 1914ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯನ್ನು ಉಪ್ಪುಗಾಳಿಯಿಂದ ಕಾಪಾಡಲು ತಲೆಮಾರುಗಳ ಕಾಲ ಕೆಲಸಗಾರರು ದುಡಿದರು. ಕೊನೆಗೆ 2022ರ ಡಿಸೆಂಬರಿನಲ್ಲಿ ಅದರ ಮೇಲಿನ ರೈಲು ಸಂಚಾರ ನಿಂತಿತು. 2025ರ ಏಪ್ರಿಲಿನಲ್ಲಿ ಪಕ್ಕದ ಹೊಸ ಸೇತುವೆ ಉದ್ಘಾಟನೆಯಾಯಿತು.

ನಮ್ಮ ಕಣಿವೆಗೆ ಕಡಲ ಗಾಳಿಯಿಲ್ಲ. ಆದರೂ ಇಲ್ಲಿನ ಲಾರಿಗಳು ಉಪ್ಪಿನಿಂದ ಪಾರಾಗಿಲ್ಲ. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಎಂದರೆ ಪೊಟ್ಯಾಸಿಯಂ ಕ್ಲೋರೈಡು. ಅಡುಗೆ ಉಪ್ಪಿನ ಒಡಹುಟ್ಟು. ಅಮೋನಿಯಂ ಸಲ್ಫೇಟು ತೇವದಲ್ಲಿ ಆಮ್ಲಗುಣವನ್ನು ತೋರುತ್ತದೆ. ಹರಿದ ಚೀಲದಿಂದ ಉದುರಿದ ಗೊಬ್ಬರದ ಪುಡಿ ಹಲಗೆಯ ಸಂದಿಯಿಂದ ಇಳಿದು ಚಾಸಿಯ ಮೇಲೆ ಕೂರುತ್ತದೆ. ಬೆಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಸಾಗಿಸುವ ಸಗಣಿ ಗೊಬ್ಬರ, ನೀರು ಸೋರುವ ಬಾಳೆಗೊನೆ, ಇವೆಲ್ಲವೂ ತೇವವನ್ನು ಒದಗಿಸುತ್ತವೆ. ಇದರ ಮೇಲೆ ನಮ್ಮ ಕಣಿವೆಗೆ ಎರಡು ಮಳೆಗಾಲಗಳು: ಜೂನ್ ತಿಂಗಳಿನಿಂದ ಕೇರಳದ ಬೆಟ್ಟಗಳನ್ನು ದಾಟಿ ಬರುವ ಗಾಳಿ ಮತ್ತು ತುಂತುರು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. ನಿಂತ ಲಾರಿಯಂತೂ ಓಡುವ ಲಾರಿಗಿಂತ ಬೇಗ ಕೆಡುತ್ತದೆ. ಗಾಳಿ ತಾಗದ ಸಂದಿಗಳಲ್ಲಿ ನೆನೆದ ಮಣ್ಣು ಒಣಗುವುದೇ ಇಲ್ಲ.

ಈಗ ಸಿದ್ಧತೆಯ ಹಂತಗಳನ್ನು ಕ್ರಮವಾಗಿ ನೋಡೋಣ.

1. ನಿಲ್ಲಿಸುವುದು ಮತ್ತು ನಿರಪಾಯಗೊಳಿಸುವುದು

ಲಾರಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ದಿಮ್ಮಿಯ ತಡೆ ಕೊಡಬೇಕು. ಜಾಕಿ ಎತ್ತುವುದಕ್ಕಾಗಿ ಇರುವ ಸಾಧನ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಕೂಡಲೇ ಅಚ್ಚಿನ ಕೆಳಗೆ ಗಟ್ಟಿಯಾದ ಉಕ್ಕಿನ ಸ್ಟ್ಯಾಂಡುಗಳನ್ನು ಇಡಬೇಕು. ಜಾಕಿಯೊಂದನ್ನೇ ನಂಬಿ ಲಾರಿಯ ಕೆಳಗೆ ಮಲಗುವವರನ್ನು ಕಂಡರೆ ದಯವಿಟ್ಟು ಎಬ್ಬಿಸಿ.

ಬ್ಯಾಟರಿಯಿಂದ ಚಾಸಿಗೆ ಬರುವ ಭೂಸಂಪರ್ಕದ ತಂತಿಯನ್ನು ಮೊದಲು ಕಳಚಬೇಕು, ಇನ್ನೊಂದನ್ನು ಆಮೇಲೆ. ಗಾಳಿ ಬ್ರೇಕಿನ ಲಾರಿಯಾದರೆ ಗಾಳಿ ತೊಟ್ಟಿಗಳನ್ನು ಖಾಲಿ ಮಾಡಬೇಕು. ಡೀಸೆಲ್ ಟ್ಯಾಂಕನ್ನು ಪೂರ್ತಿ ಬಿಚ್ಚಿ ದೂರವಿಡಬೇಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯಕಾರಿ. ಅದರೊಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು, ಬೆಸುಗೆಯ ಶಾಖಕ್ಕೆ ಸ್ಫೋಟಿಸಬಲ್ಲದು. ಬ್ರೇಕಿನ ರಬ್ಬರ್ ಕೊಳವೆಗಳು, ವಿದ್ಯುತ್ ತಂತಿಗಳು ಇವುಗಳನ್ನು ಬಿಚ್ಚಬೇಕು ಅಥವಾ ಭದ್ರವಾಗಿ ಸುತ್ತಿ ಮುಚ್ಚಬೇಕು.

2. ಬಿಚ್ಚುವುದು ಮತ್ತು ಗುರುತಿಡುವುದು

ಹಿಂದಿನ ದಿನಗಳಲ್ಲಿ ಕಂಪನಿಯಿಂದ ಬಹುಮಟ್ಟಿಗೆ ಬರುತ್ತಿದ್ದುದು ಎಂಜಿನ್ ಮತ್ತು ಚಾಸಿ ಮಾತ್ರ. ಚಾಲಕನ ಕೋಣೆಯನ್ನೂ ಸರಕಿನ ಮೈಯನ್ನೂ ನಾಮಕ್ಕಲ್, ತಿರುಚ್ಚೆಂಗೋಡುಗಳಂತಹ ಊರುಗಳ ಕುಶಲಕರ್ಮಿಗಳು ಮರ ಮತ್ತು ತಗಡಿನಿಂದ ಕಟ್ಟುತ್ತಿದ್ದರು. ಆದ್ದರಿಂದ ಒಂದು ಲಾರಿಯಂತೆ ಇನ್ನೊಂದಿಲ್ಲ. ಬಿಚ್ಚುವ ಮೊದಲು ಪ್ರತಿ ಭಾಗದ ಛಾಯಾಚಿತ್ರ ತೆಗೆಯಿರಿ. ಈಗ ಎಲ್ಲರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ಬೋಲ್ಟು, ವಾಷರುಗಳನ್ನು ಸ್ಥಳವಾರು ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿರಿ. ನಮ್ಮ ಲಾರಿಯ ಡಬ್ಬಿಗಳಿಗೆ ಕನ್ನಡದಲ್ಲಿ ಚೀಟಿ ಬರೆದದ್ದು ವಿದ್ಯಾರ್ಥಿಯ ಮಗಳು. “ಬಲ, ಹಿಂದೆ, ಎರಡನೆಯ ಅಡ್ಡತೊಲೆ” ಎಂಬ ಅವಳ ಅಕ್ಷರಗಳನ್ನು ನೋಡಿ ತಮಿಳು ಮೇಸ್ತ್ರಿಯವರು ಅರ್ಥ ಕೇಳಿ ಕಲಿತುಕೊಂಡರು.

ಸರಕಿನ ಹಲಗೆಗಳನ್ನು ಎತ್ತಿದ ಮೇಲೆಯೇ ಚಾಸಿಯ ಮೇಲ್ಭಾಗ ಕಾಣುವುದು. ಹಲಗೆಗೂ ಚಾಸಿಗೂ ನಡುವೆ ಇಡುವ ಉದ್ದದ ಮರದ ತೊಲೆ ಮಳೆನೀರನ್ನು ಕುಡಿದು ತಿಂಗಳುಗಟ್ಟಲೆ ತೇವವಾಗಿರುತ್ತದೆ. ಅದರ ಕೆಳಗಿನ ಉಕ್ಕನ್ನು ನೋಡದೆ ಚಾಸಿ ಚೆನ್ನಾಗಿದೆಯೆಂದು ಯಾರೂ ಹೇಳಲಾಗದು.

ಇಲ್ಲಿಯೇ ಹೇಳಬೇಕಾದ ಮುಖ್ಯ ಮಾತು: ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಮೊದಲು ಹುಡುಕಿ, ಕೈಯಿಂದ ಮೃದುವಾಗಿ ಶುಚಿಗೊಳಿಸಿ, ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದಿಡಿ. ಮರಳು ಸಿಡಿಸುವಾಗಲೂ ಉಜ್ಜುವ ಯಂತ್ರ ಹಿಡಿಯುವಾಗಲೂ ಆ ಭಾಗವನ್ನು ದಪ್ಪ ಪಟ್ಟಿಯಿಂದ ಮುಚ್ಚಿರಬೇಕು. ಆ ಸಂಖ್ಯೆ ಅಳಿಸಿಹೋದರೆ ಲಾರಿಗೆ ಕಾನೂನಿನ ದೃಷ್ಟಿಯಲ್ಲಿ ಗುರುತೇ ಇಲ್ಲ. ಮಾಲೀಕನ ಮೇಲೆ ಕಳ್ಳಮಾಲಿನ ಸಂಶಯವೂ ಬರಬಹುದು.

3. ತೊಳೆಯುವುದು: ಮೊದಲು ಮಣ್ಣು, ಆಮೇಲೆ ಜಿಡ್ಡು, ಕೊನೆಗೆ ಉಪ್ಪು

ಅನೇಕರು ಈ ಹಂತವನ್ನು ಹಾರಿ ನೇರವಾಗಿ ತಂತಿ ಬ್ರಷ್ ಹಿಡಿಯುತ್ತಾರೆ. ಅದರಿಂದ ಗ್ರೀಸ್ ಲೋಹದ ಉದ್ದಕ್ಕೂ ಹರಡುತ್ತದೆ. ಜಿಡ್ಡಿರುವ ಕಡೆ ಆಮ್ಲ ಹಿಡಿಯುವುದಿಲ್ಲ, ಪ್ರೈಮರ್ ಅಂಟುವುದಿಲ್ಲ. ಸಿಡಿಸಿದ ಕಣಗಳು ಜಿಡ್ಡನ್ನು ಲೋಹದ ಒರಟು ಮೈಯೊಳಕ್ಕೆ ಇನ್ನಷ್ಟು ತುಂಬುತ್ತವೆ.

ಮೊದಲು ಮರದ ತುಂಡಿನಿಂದಲೂ ಕೆರೆಯುವ ಉಳಿಯಿಂದಲೂ ಒಣ ಮಣ್ಣನ್ನು ತೆಗೆಯಬೇಕು. ಬಳಿಕ ಗ್ರೀಸ್ ಇರುವ ಕಡೆ ಸೀಮೆ ಎಣ್ಣೆಯನ್ನು ಸವರಿ ಚಿಂದಿಯಿಂದ ಒರೆಸಬೇಕು. ಈ ಕೆಲಸವನ್ನು ಬೆಂಕಿ, ಬೀಡಿಗಳಿಂದ ದೂರ, ಬಯಲು ಗಾಳಿಯಲ್ಲಿ ಮಾಡಬೇಕು. ಆಮೇಲೆ ಬಟ್ಟೆ ಸೋಡಾ ಮತ್ತು ಸಾಬೂನು ಪುಡಿಯ ಬಿಸಿನೀರಿನಿಂದ ಉಜ್ಜಿ, ಶುದ್ಧ ನೀರಿನಿಂದ ತೊಳೆಯಬೇಕು. ಈ ಕೊಳಕು ನೀರು ಕಾಲುವೆಗೆ ಹೋಗದಂತೆ ಗುಂಡಿ ತೋಡಿ ತಡೆಯುವುದು ಒಳ್ಳೆಯದು. ನಮ್ಮ ಮುಲ್ಲೈ ನದಿಯ ನೀರನ್ನೇ ಕುಡಿಯುವವರು ನಾವು.

ಜಿಡ್ಡು ಹೋಯಿತೇ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ಲೋಹದ ಮೇಲೆ ಶುದ್ಧ ನೀರನ್ನು ಹಾಕಿ. ನೀರು ಒಂದೇ ಪದರವಾಗಿ ಹರಡಿಕೊಂಡರೆ ಜಿಡ್ಡಿಲ್ಲ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಒಡೆದರೆ ಮತ್ತೆ ತೊಳೆಯಬೇಕು.

ಉಪ್ಪು ಮಾತ್ರ ಕಣ್ಣಿಗೆ ಕಾಣದು. ಅದಕ್ಕೆ ಶಾಲೆಯ ಪ್ರಯೋಗಶಾಲೆ ನೆರವಾಗುತ್ತದೆ. ಬಟ್ಟಿಯಿಳಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಚಾಸಿಯನ್ನು ಒರೆಸಿ, ಅದೇ ನೀರಿನಲ್ಲಿ ಹಿಂಡಿ, ದುರ್ಬಲ ನೈಟ್ರಿಕ್ ಆಮ್ಲದ ಕೆಲವು ಹನಿ ಸೇರಿಸಿ, ಬಳಿಕ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹಾಕಬೇಕು. ಕ್ಲೋರೈಡು ಇದ್ದರೆ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಲಾರಿಯ ಹಿಂಬದಿಯ ಅಡ್ಡತೊಲೆಯಿಂದ ತೆಗೆದ ಹತ್ತಿ ಮೊದಲ ಸಲ ದಟ್ಟವಾದ ಬಿಳುಪನ್ನು ಕೊಟ್ಟಿತು. ಮೂರು ಬಾರಿ ತೊಳೆದ ನಂತರ ಬಹುತೇಕ ತಿಳಿಯಾಯಿತು. ಅಣ್ಣತಮ್ಮಂದಿರಿಗೆ ಗೊಬ್ಬರದ ಬಾಡಿಗೆಯ ಇನ್ನೊಂದು ಲೆಕ್ಕ ಅಂದು ಅರ್ಥವಾಯಿತು.

ತೊಳೆದ ಬಳಿಕ ಬಿಸಿಲಿನಲ್ಲಿ ಒಣಗಿಸಿ, ಜೋಡು ತಗಡುಗಳ ಸಂದಿಯಲ್ಲಿ ನಿಂತ ನೀರನ್ನು ಗಾಳಿಯ ಒತ್ತಡದಿಂದ ಊದಿ ಹೊರಹಾಕಬೇಕು.

4. ತಟ್ಟಿ ಕೇಳುವುದು, ಅಳೆಯುವುದು, ಗುರುತು ಮಾಡುವುದು

ಇಡೀ ಪಾಠದ ತಿರುಳು ಈ ಹಂತ. ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ತಟ್ಟಿ ನೋಡುವುದಿಲ್ಲವೇ? ಮೇಸ್ತ್ರಿಯವರು ಅದೇ ರೀತಿ ಸಣ್ಣ ಸುತ್ತಿಗೆಯಿಂದ ಚಾಸಿಯ ಎರಡೂ ಉದ್ದ ತೊಲೆಗಳನ್ನು ಗೇಣುಗೇಣಿಗೆ ತಟ್ಟುತ್ತ ಹೋದರು. ಗಟ್ಟಿ ಉಕ್ಕು ಗಂಟೆಯಂತೆ ದನಿ ಕೊಡುತ್ತದೆ. ಪದರ ಬಿಟ್ಟ ಉಕ್ಕಿನ ದನಿ ಮಂಕು. ಮಂಕು ದನಿ ಬಂದಲ್ಲಿ ಚೂಪಾದ ತಿರುಪುಳಿಯಿಂದ ಒತ್ತಿ ನೋಡಬೇಕು.

ಗುರುತಿಗೆ ಸೀಮೆಸುಣ್ಣ ಸಾಕು. ಮೇಲ್ಮೈ ತುಕ್ಕಿಗೆ ಒಂದು ಗೆರೆ, ಗುಳಿಬಿದ್ದ ತುಕ್ಕಿಗೆ ಎರಡು ಗೆರೆ, ತೂತು ಅಥವಾ ಬಿರುಕಿಗೆ ವೃತ್ತ. ವಿಶೇಷವಾಗಿ ನೋಡಬೇಕಾದ ಸ್ಥಳಗಳು ಇವು: ಕಮಾನು ಪಟ್ಟಿಗಳನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರುಗಳ ಸುತ್ತ, ಅಡ್ಡತೊಲೆಯ ರಿವೆಟ್ ಕೂಡುಗಳು, ಬಲಪಡಿಸಲು ಹಾಕಿದ ಜೋಡು ತಗಡಿನ ಸಂದಿ, ಬ್ಯಾಟರಿ ಪೆಟ್ಟಿಗೆಯ ಕೆಳಗೆ, ಡೀಸೆಲ್ ಟ್ಯಾಂಕಿನ ಪಟ್ಟಿಗಳು. ಚಾಲಕನ ಕೋಣೆಯಲ್ಲಾದರೆ ಗಾಜಿನ ರಬ್ಬರಿನ ಅಂಚು, ಕಾಲಿಡುವ ನೆಲ, ಬಾಗಿಲಿನ ಕೆಳಗೆ ನೀರು ಹೋಗಲು ಬಿಟ್ಟ ರಂಧ್ರಗಳು. ಈ ರಂಧ್ರಗಳು ಧೂಳಿನಿಂದ ಮುಚ್ಚಿಹೋದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ.

ಬಾಗಿಲು ತೂತಾದರೆ ಚಾಲಕನಿಗೆ ಮಳೆ ತಾಗೀತು. ಹ್ಯಾಂಗರ್ ಬಳಿಯ ಚಾಸಿ ತೂತಾದರೆ ಆಗುವುದೇ ಬೇರೆ. ಇಂತಹ ಲಾರಿಯಲ್ಲಿ ಬ್ರೇಕ್ ಒತ್ತಿದಾಗ ಚಕ್ರವನ್ನು ತಡೆಯುವ ಬಲವು ಅಚ್ಚಿನಿಂದ ಕಮಾನು ಪಟ್ಟಿಗೂ, ಪಟ್ಟಿಯ ಕಣ್ಣಿನಿಂದ ಹ್ಯಾಂಗರಿಗೂ, ಅಲ್ಲಿಂದ ಚಾಸಿಗೂ ಸಾಗುತ್ತದೆ. ಲೋವರ್ ಕ್ಯಾಂಪಿನಿಂದ ಕುಮುಳಿಗೆ ಏರುವ ಘಾಟಿಯಲ್ಲಾಗಲಿ, ಬೋಡಿಮೆಟ್ಟಿನ 17 ಹೇರ್‌ಪಿನ್ ತಿರುವುಗಳಲ್ಲಾಗಲಿ, ತುಂಬು ಹೊರೆಯೊಡನೆ ಇಳಿಯುವ ಲಾರಿಯ ಬ್ರೇಕನ್ನು ಎಷ್ಟು ಬಾರಿ ಒತ್ತಬೇಕೆಂದು ಚಾಲಕರನ್ನು ಕೇಳಿ. ಹ್ಯಾಂಗರ್ ಕಿತ್ತು ಬಂದರೆ ಅಚ್ಚು ತಿರುಚಿಕೊಳ್ಳುತ್ತದೆ, ಲಾರಿ ಹಿಡಿತ ತಪ್ಪುತ್ತದೆ. ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ಅದೇ ರಸ್ತೆಯಲ್ಲಿ ಶಬರಿಮಲೆಯ ಯಾತ್ರಿಕರು ತುಂಬಿದ ಬಸ್ಸುಗಳು ಎದುರಾಗುತ್ತವೆ.

ಅಳೆಯಲು ನಾವು ಬಳಸಿದ್ದು ಭೌತಶಾಸ್ತ್ರದ ತರಗತಿಯ ವರ್ನಿಯರ್ ಕ್ಯಾಲಿಪರ್ಸ್. ಹಳೆಯ ಭಾರಿ ಲಾರಿಗಳ ಉದ್ದ ತೊಲೆಯ ತಗಡು ಸುಮಾರು 6ರಿಂದ 8 ಮಿಲಿಮೀಟರ್ ದಪ್ಪವಿರುತ್ತದೆ. ತುಕ್ಕಿಲ್ಲದ ಸ್ಥಳದಲ್ಲಿ ಒಮ್ಮೆ ಅಳೆದು, ಗುರುತು ಮಾಡಿದ ಸ್ಥಳದಲ್ಲಿ ಸಡಿಲ ಪದರವನ್ನು ಉದುರಿಸಿ ಮತ್ತೆ ಅಳೆದು ಹೋಲಿಸಬೇಕು. ಗುಳಿಯ ಆಳವನ್ನು ಕ್ಯಾಲಿಪರ್ಸಿನ ಬಾಲದ ಕಡ್ಡಿಯಿಂದ ತಿಳಿಯಬಹುದು. ಉದ್ದ ತೊಲೆಯ ಅಡ್ಡಕೊಯ್ತ ‘[’ ಆಕಾರದ್ದು. ಹೊರೆ ಬಿದ್ದು ತೊಲೆ ಬಾಗುವಾಗ ಹೆಚ್ಚಿನ ಬಲವನ್ನು ತಾಳುವುದು ಅದರ ಮೇಲಿನ ಮತ್ತು ಕೆಳಗಿನ ಅಂಚುಪಟ್ಟಿಗಳು. ಆದ್ದರಿಂದ ಅಂಚುಪಟ್ಟಿಯ ಸವೆತವು ನಡುತಗಡಿನ ಸವೆತಕ್ಕಿಂತ ಗಂಭೀರ. ಅಂಚುಪಟ್ಟಿಗೆ ತೂತು ಕೊರೆಯುವುದಾಗಲಿ, ಕಂಡಕಂಡಲ್ಲಿ ಬೆಸುಗೆಯ ತೇಪೆ ಹಾಕುವುದಾಗಲಿ ಕೂಡದು. ಬೆಸುಗೆಯ ಶಾಖ ತಾಗಿದ ಅಂಚಿನಲ್ಲಿಯೇ ಮುಂದೆ ಬಿರುಕು ಹುಟ್ಟುತ್ತದೆ.

ನಮ್ಮ ಲಾರಿಯ ಬಲಗಡೆ, ಹಿಂದಿನ ಕಮಾನಿನ ಮುಂಭಾಗದ ಹ್ಯಾಂಗರ್ ಬಳಿ, ಸುತ್ತಿಗೆಯ ದನಿ ಮಂಕಾಯಿತು. ಕೆಳ ಅಂಚುಪಟ್ಟಿಯ ದಪ್ಪದಲ್ಲಿ ಮೂರನೆಯ ಒಂದು ಭಾಗ ಹೋಗಿತ್ತು. ಒಂದು ಕಡೆ ತಿರುಪುಳಿ ಒಳಗೇ ಇಳಿಯಿತು. ಹೊರಗಿನಿಂದ ನೋಡಿದರೆ ಅಲ್ಲಿ ಹಿಂದೆಂದೋ ಬಳಿದ ಕಪ್ಪು ಬಣ್ಣ ನುಣ್ಣಗೆ ಹೊಳೆಯುತ್ತಿತ್ತು.

5. ಯಾವ ಭಾಗಕ್ಕೆ ಯಾವ ವಿಧಾನ?

ಗುರುತುಗಳು ಮುಗಿದ ಮೇಲೆಯೇ ವಿಧಾನವನ್ನು ನಿರ್ಧರಿಸಬೇಕು. ದಪ್ಪನೆಯ ಚಾಸಿಗೆ ಒತ್ತಡದ ಗಾಳಿಯಿಂದ ಕಣ ಸಿಡಿಸುವ ವಿಧಾನ ಉತ್ತಮ. ಗುಳಿಗಳ ತಳದವರೆಗೂ ಅದು ಮುಟ್ಟುತ್ತದೆ. ಅದೇ ವಿಧಾನವನ್ನು ಬಾಗಿಲು, ಛಾವಣಿಗಳಂತಹ ತೆಳು ತಗಡಿಗೆ ಬಳಸಿದರೆ ಕಣಗಳ ಪೆಟ್ಟಿಗೆ ತಗಡು ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಅವಕ್ಕೆ ತಂತಿ ಬ್ರಷ್ ಮತ್ತು ಮರಳು ಕಾಗದವೇ ಸರಿ.

ಬಿಚ್ಚಿ ತೆಗೆಯಬಹುದಾದ ಸಣ್ಣ ಭಾಗಗಳನ್ನು ದುರ್ಬಲ ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಬಹುದು. ಜೋಡು ತಗಡಿನ ಸಂದಿಗೆ ಆಮ್ಲ ಹಾಕಲೇಬಾರದು. ತೊಳೆಯಲಾಗದೆ ಒಳಗುಳಿದ ಆಮ್ಲ ಹೊಸ ತುಕ್ಕಿಗೆ ಬೀಜವಾಗುತ್ತದೆ. ಕಮಾನು ಪಟ್ಟಿಗಳನ್ನೂ ಗಡಸು ಬೋಲ್ಟುಗಳನ್ನೂ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಬಾರದು. ಆಗ ಬಿಡುಗಡೆಯಾಗುವ ಜಲಜನಕ ಗಡಸು ಉಕ್ಕಿನೊಳಕ್ಕೆ ಸೇರಿ ಅದನ್ನು ಪೆಡಸಾಗಿಸುತ್ತದೆ.

ತುಕ್ಕನ್ನು ಕಪ್ಪು ಪದರವಾಗಿ ಮಾರ್ಪಡಿಸುವ ದ್ರಾವಣಗಳೂ ಅಂಗಡಿಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಹಲವಕ್ಕೆ ಆಧಾರ ಟ್ಯಾನಿನ್. ಅಳಲೆಕಾಯಿಯ ಒಗರಿಗೆ ಕಾರಣವಾದ ವಸ್ತುವೂ ಅದೇ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬೆರೆಸಿ ಕಪ್ಪು ಬಣ್ಣವನ್ನೂ ಶಾಯಿಯನ್ನೂ ಮಾಡುತ್ತಿದ್ದುದನ್ನು ನೇಕಾರ ಮನೆತನದ ಹಿರಿಯರು ಬಲ್ಲರು. ಇವು ತೆಳುವಾದ ಮೇಲ್ಮೈ ತುಕ್ಕಿಗೆ ಉಪಯುಕ್ತ. ಪದರ ಬಿಟ್ಟ ದಪ್ಪ ತುಕ್ಕಿಗೆ ನಿಷ್ಪ್ರಯೋಜಕ.

6. ಕೆಲಸಗಾರನ ಶ್ವಾಸಕೋಶ

ಲಾರಿಗಿಂತ ಮನುಷ್ಯ ದೊಡ್ಡವನು. ಕಣ ಸಿಡಿಸಲು ಹೊಳೆಯ ಮರಳನ್ನು ಎಂದಿಗೂ ಬಳಸಕೂಡದು. ಮರಳಿನಲ್ಲಿರುವ ಸಿಲಿಕಾ ಸಿಡಿದು ಅತಿ ಸೂಕ್ಷ್ಮ ಧೂಳಾಗಿ ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಒಮ್ಮೆ ಬಂದರೆ ಅದನ್ನು ಹಿಂದಿರುಗಿಸುವ ಔಷಧಿಯಿಲ್ಲ. ಬ್ರಿಟನ್ನಿನಲ್ಲಿ 1949ರ ನಿಯಮಗಳ ಮೂಲಕವೇ ಈ ಕೆಲಸಕ್ಕೆ ಮರಳಿನ ಬಳಕೆಯನ್ನು ನಿಷೇಧಿಸಲಾಯಿತು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯೂ ಸಿಲಿಕೋಸಿಸನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಗಾರ್ನೆಟ್ ಹರಳು ಅಥವಾ ಉಕ್ಕಿನ ಕಣಗಳನ್ನು ಬಳಸುವ, ಕೆಲಸಗಾರನಿಗೆ ಶುದ್ಧ ಗಾಳಿಯ ಮುಖವಾಡ ಕೊಡುವ ಕಾರ್ಖಾನೆಗೇ ಕೆಲಸ ಒಪ್ಪಿಸಿರಿ. ಮೂಗಿಗೆ ಕಟ್ಟಿದ ಟವೆಲು ಈ ಧೂಳನ್ನು ತಡೆಯದು.

ಹಳೆಯ ಲಾರಿಗಳ ಹಳದಿ, ಕಿತ್ತಳೆ ಬಣ್ಣಗಳಲ್ಲಿಯೂ ಕೆಂಪು ಪ್ರೈಮರಿನಲ್ಲಿಯೂ ಸೀಸ ಇರುವ ಸಂಭವವುಂಟು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸದೆ, ನೀರು ಹಚ್ಚಿ ಉಜ್ಜಿ, ಆ ಕೆಸರನ್ನು ಒಟ್ಟುಮಾಡಿ ಬೇರೆಯಾಗಿಡಬೇಕು. ಸೀಸ ಮಕ್ಕಳ ಬುದ್ಧಿಬೆಳವಣಿಗೆಯನ್ನು ಕುಂಠಿತಗೊಳಿಸುವ ವಿಷ. ಮನೆಯಂಗಳದಲ್ಲಿ ಈ ಕೆಲಸ ಬೇಡ; ಕೆಲಸದ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳುವುದೂ ಬೇಡ.

7. ದಿನ ಮತ್ತು ಹೊತ್ತು

ಶುಚಿಯಾದ ಉಕ್ಕು ಬೆತ್ತಲೆಯಾದ ಉಕ್ಕು. ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳೊಳಗೆ ಅದರ ಮೇಲೆ ಹೊಸ ತುಕ್ಕಿನ ಛಾಯೆ ಮೂಡುತ್ತದೆ. ಆದ್ದರಿಂದ ಪ್ರೈಮರ್, ಕುಂಚ, ಬಣ್ಣ ಹೊಡೆಯುವವರು ಎಲ್ಲವೂ ಸಿದ್ಧವಾದ ಮೇಲೆಯೇ ತುಕ್ಕು ತೆಗೆಯಲು ತೊಡಗಬೇಕು. ತೆಗೆದ ದಿನವೇ ಪ್ರೈಮರ್ ಹಚ್ಚಬೇಕು. ಲೋಹದ ಉಷ್ಣತೆ ಗಾಳಿಯ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಬಣ್ಣದ ಕೆಲಸದ ನಿಯಮ. ಭೂಗೋಳದ ತರಗತಿಯ ಒಣ ಮತ್ತು ತೇವ ಬುರುಡೆಯ ಉಷ್ಣತಾಮಾಪಕದಿಂದ ಇಬ್ಬನಿ ಬಿಂದುವನ್ನು ಲೆಕ್ಕ ಹಾಕಬಹುದು. ನಮ್ಮ ಕಣಿವೆಯಲ್ಲಿ ಫೆಬ್ರವರಿ, ಮಾರ್ಚ್ ತಿಂಗಳುಗಳ ಮುಂಜಾವು ಕಳೆದ ಹೊತ್ತು ಈ ಕೆಲಸಕ್ಕೆ ಪ್ರಶಸ್ತ.

ತೀರ್ಮಾನ

ಗುರುತುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಅಣ್ಣತಮ್ಮಂದಿರು ಎರಡು ದಿನ ಯೋಚಿಸಿದರು. ತಮ್ಮನಿಗೆ ದ್ರಾಕ್ಷಿಯ ಹಂಗಾಮು ತಪ್ಪುವ ಚಿಂತೆ. ಮೋಟಾರು ವಾಹನ ಕಾಯಿದೆ, 1988ರ 56ನೆಯ ಕಲಮಿನ ಪ್ರಕಾರ ಬಾಡಿಗೆ ಲಾರಿಗೆ ಅರ್ಹತಾ ಪತ್ರ ಕಡ್ಡಾಯ. ಹೊಸ ಬಣ್ಣದ ಕೆಳಗೆ ಆ ತೂತನ್ನು ಅಡಗಿಸಿ ತೋರಿಸುವುದು ಅಸಾಧ್ಯವೇನೂ ಆಗಿರಲಿಲ್ಲ. “ಅಪ್ಪ ಈ ಲಾರಿಯನ್ನು ಘಾಟಿ ಇಳಿಸುವಾಗ ಪಕ್ಕದಲ್ಲಿ ನಾನು ಕುಳಿತಿರುತ್ತಿದ್ದೆ ಸಾರ್. ಇನ್ನು ಕೂರುವವನು ನನ್ನ ಮಗ” ಎಂದು ಹಿರಿಯವರು ಹೇಳಿದ ಮೇಲೆ ಚರ್ಚೆ ಮುಗಿಯಿತು. ಸಾರಿಗೆ ಕಚೇರಿಗೆ ತಿಳಿಸಿ, ಉದ್ದ ತೊಲೆಯ ಆ ಭಾಗವನ್ನು ಅರ್ಹ ಕಾರ್ಖಾನೆಯಲ್ಲಿ ಬದಲಾಯಿಸಿದ ನಂತರವೇ ಉಳಿದ ಕೆಲಸ ಎಂದು ತೀರ್ಮಾನವಾಯಿತು. ಆ ವರ್ಷದ ದ್ರಾಕ್ಷಿಯನ್ನು ಬಾಡಿಗೆ ಲಾರಿ ಒಯ್ದಿತು.

ತುಕ್ಕನ್ನು ಗೆದ್ದ ಕಬ್ಬಿಣವೂ ಜಗತ್ತಿನಲ್ಲಿದೆ. ಗುಪ್ತರ ಕಾಲದ ದೆಹಲಿಯ ಕಬ್ಬಿಣದ ಕಂಬ ಹದಿನಾರು ಶತಮಾನಗಳಿಂದ ಬಯಲಿನಲ್ಲಿ ನಿಂತಿದೆ. ಅದರಲ್ಲಿ ಹೆಚ್ಚಾಗಿರುವ ರಂಜಕ ತೆಳುವಾದ ಕಾವಲು ಪದರವೊಂದನ್ನು ರಚಿಸಿದೆಯೆಂದು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ಅವರು ವಿವರಿಸಿದರು. ನಮ್ಮ ಕನ್ನಡ ನಾಡಿನ ಕೊಡಚಾದ್ರಿಯಲ್ಲಿ, ಮಲೆನಾಡಿನ ಜಡಿಮಳೆಯಲ್ಲಿಯೂ ಉಳಿದುಬಂದಿರುವ ಕಬ್ಬಿಣದ ಕಂಬವಿದೆ. ಪ್ರವಾಸ ಹೋದಾಗ ಮಕ್ಕಳಿಗೆ ತಪ್ಪದೆ ತೋರಿಸಿರಿ. ಲಾರಿಯ ಉಕ್ಕಿಗೆ ಅಂತಹ ರಕ್ಷಣೆಯಿಲ್ಲ. ಅದಕ್ಕೆ ಇರುವುದು ನಮ್ಮ ಕಣ್ಣು, ಕಿವಿ, ಮತ್ತು ವರ್ಷಕ್ಕೊಮ್ಮೆ ಹಲಗೆ ಎತ್ತಿ ನೋಡುವ ತಾಳ್ಮೆ.

ಅಭ್ಯಾಸ

1. ಖಾಲಿ ಡೀಸೆಲ್ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಏಕೆ ಅಪಾಯಕಾರಿ?
2. ಜಿಡ್ಡು ತೆಗೆಯದೆ ತಂತಿ ಬ್ರಷ್ ಬಳಸಿದರೆ ಆಗುವ ಹಾನಿಗಳನ್ನು ತಿಳಿಸಿ.
3. ತೊಲೆಯ ಅಂಚುಪಟ್ಟಿಯ ಸವೆತವು ನಡುತಗಡಿನ ಸವೆತಕ್ಕಿಂತ ಗಂಭೀರವಾಗಲು ಕಾರಣವೇನು?
4. ನಿಮ್ಮ ಮನೆಯ ಕಬ್ಬಿಣದ ಗೇಟು, ಬಾವಿಯ ರಾಟೆ ಅಥವಾ ನೇಗಿಲನ್ನು ತಟ್ಟಿ ನೋಡಿ, ಸೀಮೆಸುಣ್ಣದಿಂದ ಗುರುತು ಮಾಡಿ, ಎಲ್ಲಿ ನೀರು ನಿಲ್ಲುತ್ತದೆಯೆಂದು ಮನೆಯವರಿಗೆ ಕನ್ನಡದಲ್ಲಿ ವಿವರಿಸಿ.

ನಾಲ್ಕನೆಯ ಪ್ರಶ್ನೆಗೆ ಉತ್ತರವನ್ನು ಹಳೆಯ ವಿದ್ಯಾರ್ಥಿಗಳೂ ಬರೆಯಬಹುದು. ನಾನು ಈಗಲೂ ತಿದ್ದಿಕೊಡುತ್ತೇನೆ.

ನಮ್ಮ ಶಾಲೆ ಇನ್ನೂ ನೂರ್ಕಾಲ ಬಾಳಲಿ. ಎಲ್ಲರಿಗೂ ಶುಭವಾಗಲಿ.